ಬಾಗಿಲ ಬಳಿ ಕೂರುವ ಖಾಲಾ

ಮದುವೆ ಇರಲಿ, ಅಕೀಕಾ ಇರಲಿ, ಮಾನ್ವಿಯ ನಮ್ಮ ಖಾಲಾ ಬಾಗಿಲ ಬಳಿಯೇ ಕೂರುವವರು. ಒಳಗೆ ಬಂದು ಹಾಸಿಗೆಯ ಮೇಲೆ ಕೂಡಿರೆಂದು ಎಷ್ಟು ಕರೆದರೂ ಬರುತ್ತಿರಲಿಲ್ಲ. ಹೆಂಗಸರೆಲ್ಲ ನಮಾಝಿಗೆ ಎದ್ದಾಗ ಅವರು ಮಾತ್ರ ಅಡುಗೆಮನೆಯಲ್ಲಿ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದರು. ನಾವು ಮೂವರು ಅಕ್ಕ-ತಂಗಿಯರು ಅದನ್ನು ಬಿಗುಮಾನವೆಂದು ತಿಳಿದಿದ್ದೆವು. ನಮಾಝಿನಲ್ಲಿ ಉದಾಸೀನವೆಂದು ಬೆನ್ನ ಹಿಂದೆ ಆಡಿಕೊಂಡದ್ದೂ ಉಂಟು. ಆ ಪಾಪದ ಭಾರ ಈಗ ನಮ್ಮ ಎದೆಯ ಮೇಲಿದೆ.

ನಮ್ಮಲ್ಲಿ ಹಿರಿಯಳ ಮಗಳಿಗೆ ಏಳನೆಯ ತಿಂಗಳು. ಚೊಚ್ಚಲ ಹೆರಿಗೆಗೆಂದು ದೇವದುರ್ಗದ ಗಂಡನ ಮನೆಯಿಂದ ರಾಯಚೂರಿಗೆ ಕರೆತಂದಿದ್ದೆವು. ಹೂ ಮುಡಿಸಿದ ಹೆಂಗಸರೆಲ್ಲ ಹೋದ ಮೇಲೆ ಖಾಲಾ ಹುಡುಗಿಯ ಕೈ ಹಿಡಿದು, "ಮೇರಾ ಹಾಲ್ ತೇರೆಕು ನಕ್ಕೋ ಬೇಟಾ" ಎಂದರು. ನನ್ನ ಪಾಡು ನಿನಗೆ ಬೇಡ ಮಗಳೇ.

ಆಮೇಲೆ ಮೂವತ್ತೈದು ವರ್ಷಗಳ ಮಾತು ಹೊರಬಂತು. ಮೊದಲ ಹೆರಿಗೆಯಲ್ಲಿ ಎರಡು ಹಗಲು, ಒಂದು ರಾತ್ರಿ ನೋವು ತಿಂದಿದ್ದರು. ಬಾಣಂತನ ಮುಗಿಯುವ ಮೊದಲೇ ಭತ್ತದ ನಾಟಿಗೆ ಬಾಗಿದ್ದರು. ಅಂದಿನಿಂದ ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಸೋರುತ್ತಿತ್ತು. ನಾಲ್ಕನೆಯ ಹೆರಿಗೆಯ ನಂತರ ಗರ್ಭಚೀಲ ಜಾರಿ, ನಿಲ್ಲದೆ ಜಿನುಗತೊಡಗಿತು. ವುಝೂ ನಿಲ್ಲದ ಮೈಯಲ್ಲಿ ಮುಸಲ್ಲಾದ ಮೇಲೆ ಹೇಗೆ ನಿಲ್ಲಲಿ ಎಂದು ನಮಾಝನ್ನೇ ಬಿಟ್ಟಿದ್ದರು. "ನಿಮ್ಮ ಅಮ್ಮನಿಗೂ ಇದೇ ಇತ್ತು. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿದ್ದಳು" ಎಂದಾಗ ನಾವು ಮುಖ ಮುಖ ನೋಡಿಕೊಂಡೆವು. ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ನಾವು ಉರ್ದು ಶಾಲೆಯಲ್ಲಿ ಅಲಿಫ್-ಬೇ ಕಲಿತು, ಮುಂದೆ ಕನ್ನಡ ಶಾಲೆ ಸೇರಿದವರು. ನಮ್ಮಲ್ಲೊಬ್ಬಳು ಕತೆ ಬರೆಯುವವಳು. ಆದರೂ ಮೈಯ ಆ ಭಾಗಕ್ಕೆ ಮನೆಯಲ್ಲಿ ಆಡಬಹುದಾದ ಹೆಸರು ಎರಡು ಭಾಷೆಗಳಲ್ಲೂ ನಮಗೆ ಸಿಕ್ಕಿರಲಿಲ್ಲ. ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮನೆಯ ಹೊರಸನ್ನು ನೆನೆಯಿರಿ. ನುಲಿ ಬಿಗಿಯಾಗಿದ್ದರೆ ಭಾರ ಹೊರುತ್ತದೆ, ಕಿತ್ತರೆ ಜೋಲುತ್ತದೆ. ಮೂತ್ರಕೋಶ, ಗರ್ಭಚೀಲ, ಗುದನಾಳಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳ ನುಲಿ ಇದು. ಮಗುವಿನ ತಲೆ ಹಾದುಬರುವಾಗ ಇದರ ಒಳಅಂಚಿನ ಸ್ನಾಯು ತನ್ನ ಉದ್ದದ ಮೂರು ಪಟ್ಟಿಗೂ ಹೆಚ್ಚು ಹಿಗ್ಗಬೇಕಾಗುತ್ತದೆಂದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಕಂಪ್ಯೂಟರ್ ಮಾದರಿಯಿಂದ ತೋರಿಸಿದರು. ಹೆಚ್ಚಿನವರ ಮೈ ಇದನ್ನು ತಾಳಿಕೊಳ್ಳುತ್ತದೆ. ಕೆಲವರಲ್ಲಿ ಸ್ನಾಯು ಎಲುಬಿನಿಂದಲೇ ಕಿತ್ತುಬರುತ್ತದೆ. ಯಾರಿಗೆ ಈ ಅಪಾಯ ಹೆಚ್ಚು ಎಂಬುದನ್ನು ಹೆರಿಗೆಗೆ ಮೊದಲೇ ಅರಿಯುವ ಪ್ರಯತ್ನ ಈಗ ನಡೆದಿದೆ. ಅಲ್ಟ್ರಾಸೌಂಡ್‌ನಿಂದ ಸ್ನಾಯುವಿನ ರಚನೆ, ಎಲಾಸ್ಟೋಗ್ರಫಿಯಿಂದ ಅದರ ಬಿಗಿತ ನೋಡುತ್ತಾರೆ. ಆದರೆ ಇದು ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ, ದಿನನಿತ್ಯದ ತಪಾಸಣೆಯಾಗಿಲ್ಲ.

ಇದನ್ನೆಲ್ಲ ಓದಿಕೊಂಡು, ಹುಡುಗಿಯನ್ನು ಕರೆದುಕೊಂಡು ರಾಯಚೂರಿನ ವೈದ್ಯೆಯೊಬ್ಬರ ಮುಂದೆ ಕುಳಿತೆವು. "ಅಂಥ ಯಂತ್ರ ನಮ್ಮಲ್ಲಿಲ್ಲ" ಎಂದು ಅವರು ನಕ್ಕರು. "ಅದಿರಲಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಗರ್ಭಚೀಲ ಜಾರಿತ್ತೇನು?" ತಾಯಿಗೋ ಅಜ್ಜಿಗೋ ಇದ್ದರೆ ಹುಡುಗಿಗೂ ಬರುವ ಸಂಭವ ಹೆಚ್ಚಂತೆ. ಮಗುವಿನ ತೂಕ, ತಿಣುಕುವ ಹೊತ್ತು ಬಹಳ ಲಂಬಿಸುವುದು, ಫೋರ್ಸೆಪ್ಸ್ ಹಾಕುವುದು, ಇವೂ ಲೆಕ್ಕಕ್ಕೆ ಬರುತ್ತವೆ. ಎಲ್ಲರಿಗೂ ಕತ್ತರಿ ಹಾಕುವ ರೂಢಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ ಎಂದೂ ತಿಳಿಸಿದರು. ಮೂತ್ರ ತಡೆಹಿಡಿಯುವಂತೆ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಕಲಿಸಿದರು. ಅದನ್ನು ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯ 1948ರಲ್ಲೇ ಬರೆದಿಟ್ಟಿದ್ದ.

ಅಮ್ಮ ಆಣೆ ಹಾಕಿಸಿ ಮುಚ್ಚಿಟ್ಟ ಗುಟ್ಟು ಮೊಮ್ಮಗಳ ತಪಾಸಣೆಯ ಮೊದಲ ಸಾಲಾಯಿತು.

ನಮ್ಮ ಭಾಗದಲ್ಲಿ ಏನೂ ಬದಲಾಗಿಲ್ಲವೆಂದಲ್ಲ. 2007ರಲ್ಲಿ ರಾಯಚೂರಿನಲ್ಲಿ ರಿಮ್ಸ್ ಆರಂಭವಾಯಿತು, 2008ರಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. ತಾಯಿ ಕಾರ್ಡಿನಲ್ಲಿ ರಕ್ತದ ಒತ್ತಡ, ತೂಕ ಬರೆಯುತ್ತಾರೆ. ತಾಯಿ-ಮಗು ಬದುಕಿದರೆ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇವೆ. ಬದುಕಿದ ತಾಯಿ ಆಮೇಲೆ ಹೇಗಿದ್ದಾಳೆಂದು ಕೇಳುವವರು ಕಡಿಮೆ. ಕೇಳಿದರೂ ಹೇಳಲು ಅವಳಿಗೆ ಭಯ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರ, ಅದರಲ್ಲೂ ಲಂಬಾಣಿ ತಾಂಡಾಗಳವರ ಗರ್ಭಚೀಲಗಳನ್ನು ಅನಗತ್ಯವಾಗಿ ತೆಗೆದದ್ದು 2015ರಲ್ಲಿ ಬಯಲಾದಾಗ ಆ ಸುದ್ದಿ ಓದಿ ನಡುಗಿದವರು ನಾವು. ಬಾಯಿಬಿಟ್ಟರೆ ಚೀಲವೇ ಹೋಗುತ್ತದೆಂದು ಹೆಂಗಸರು ಅಂಜಿದರೆ ತಪ್ಪೇನು? ತೆಗೆಯದೆಯೂ ವ್ಯಾಯಾಮವಿದೆ, ಒಳಗಿಡುವ ರಿಂಗ್ ಇದೆ ಎಂದು ಯಾರಾದರೂ ಅವರಿಗೆ ಹೇಳಬೇಕು.

ಹುಡುಗಿಗೆ ಹೆರಿಗೆ ಸುಸೂತ್ರವಾಯಿತು. ಸಣ್ಣದೊಂದು ಸೀಳಿಗೆ ಹೊಲಿಗೆ ಬಿತ್ತು. ನಲವತ್ತು ದಿನ ತುಂಬಿದ ಕೂಡಲೇ ದೇವದುರ್ಗದಿಂದ ಬುಲಾವ್ ಬಂತು. ಹತ್ತಿ ಬಿಡಿಸುವ ಕಾಲ. ಮಾತಾಡಲು ಹೊರಟ ನಮ್ಮ ಜೊತೆ ಖಾಲಾ ತಾವೇ ಬುರ್ಖಾ ತೊಟ್ಟು ಬಂದರು. ಬೀಗತಿಯನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಹೊರಬಂದ ಬೀಗತಿಯ ಕಣ್ಣು ತೇವವಾಗಿತ್ತು. "ಇನ್ನೆರಡು ತಿಂಗಳು ನಿಮ್ಮಲ್ಲೇ ಇರಲಿ" ಎಂದಷ್ಟೇ ಹೇಳಿದರು. ಅವರಿಗೂ ಏನಿತ್ತೋ, ನಾವು ಕೇಳಲಿಲ್ಲ.

ಖಾಲಾರಿಗೆ ವೈದ್ಯೆ ರಿಂಗ್ ಹಾಕಿದರು. ಜಿನುಗು ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಆಲಿಮಾ ಒಬ್ಬರನ್ನು ಕೇಳಿದೆವು. ನಿಲ್ಲದೆ ಸೋರುವವರು ಮಅಝೂರ್, ಪ್ರತಿ ನಮಾಝಿನ ಹೊತ್ತಿಗೆ ಹೊಸ ವುಝೂ ಮಾಡಿ ನಮಾಝ್ ಮಾಡಬಹುದು ಎಂದರು. ಈ ರಿಯಾಯಿತಿ ಶತಮಾನಗಳಿಂದ ಕಿತಾಬುಗಳಲ್ಲಿದೆ. ಕೇಳುವ ಬಾಯಿ ಇರಲಿಲ್ಲ. ಓದುಗ ಸಹೋದರಿಯರೇ, ನಿಮ್ಮ ಮನೆಯಲ್ಲಿ ಬಾಗಿಲ ಬಳಿಯೇ ಕೂರುವವರು ಯಾರಾದರೂ ಇದ್ದರೆ ಅವರ ಪಕ್ಕ ಹೋಗಿ ಕೂಡಿರಿ, ಮೆಲ್ಲಗೆ ಕೇಳಿರಿ.

ಮೊನ್ನೆ ಬಂದಾಗಲೂ ಖಾಲಾ ಅಲ್ಲಿಯೇ ಕುಳಿತರು, ರೂಢಿ. ಅಸರ್‌ನ ಬಾಂಗ್ ಕೇಳಿದಾಗ ಮಾತ್ರ ಎದ್ದು, ಮುಸಲ್ಲಾ ಎಲ್ಲಿದೆಯೆಂದು ಕೇಳಿದರು.