ಮಾರುತಿ ಉಳಿಯಿತು, ಡಾಲ್ಫಿನ್ ಹೋಯಿತು

ಎಂಬತ್ತರ ದಶಕದ ಬಳ್ಳಾರಿ ಕಂಟೋನ್ಮೆಂಟ್‌ನಲ್ಲಿ ಕಾರು ಇಟ್ಟವರೆಂದರೆ ಡಾಕ್ಟರು, ವಕೀಲರು, ಒಂದಿಬ್ಬರು ಗಣಿ ಮಾಲೀಕರು. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಮೂರನೆಯ ಹೆಸರು ಹುಡುಗರಾದ ನಮಗೆ ಗೊತ್ತಿರಲಿಲ್ಲ. ಹಾಗಾಗಿ ನಮ್ಮ ಬೀದಿಯ ಡಾಕ್ಟರೊಬ್ಬರು ಸಿಪಾನಿ ಡಾಲ್ಫಿನ್ ತಂದಾಗ ನೋಡಲು ಜನ ಸೇರಿದರು. ಎರಡೇ ಬಾಗಿಲು, ಫೈಬರ್ ಬಾಡಿ. ಬೆರಳು ಮಡಿಚಿ ಬಡಿದರೆ ತಗಡಿನ ಸದ್ದು ಬರುತ್ತಿರಲಿಲ್ಲ. ಕೌಲ್‌ಬಜಾರ್ ಕಡೆಯ ಟಿಂಕರಿಂಗ್ ಮೇಸ್ತ್ರಿ ಕಾರಿಗೊಂದು ಸುತ್ತು ಹಾಕಿ, “ಇದು ತುಕ್ಕು ಹಿಡಿಯಂಗಿಲ್ಲ, ನನಗೇನೂ ಕೆಲ್ಸ ಇಲ್ಲ ಬಿಡ್ರಿ ಸಾರ್” ಅಂದಿದ್ದ.

ಅದು ಬೆಂಗಳೂರಿನಲ್ಲೇ ತಯಾರಾದ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದಕ್ಕೆ ಮೂಲ.

ಇತ್ತ ದೆಹಲಿ ಪಕ್ಕದ ಗುಡಗಾಂವ್‌ನಲ್ಲಿ ಇನ್ನೊಂದು ಕಥೆ ನಡೆದಿತ್ತು. ಸಂಜಯ್ ಗಾಂಧಿ 1971ರಲ್ಲಿ ಶುರುಮಾಡಿದ ಮಾರುತಿ, ಜನರ ಕೈಗೆ ಕಾರು ಕೊಡುವ ಮೊದಲೇ ಮುಳುಗಿತ್ತು. 1980ರಲ್ಲಿ ಅವರು ತೀರಿಕೊಂಡ ಮೇಲೆ ಕೇಂದ್ರ ಸರ್ಕಾರ ಕಾನೂನು ತಂದು ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡಿತು. 1981ರ ಫೆಬ್ರವರಿಯಲ್ಲಿ ಮಾರುತಿ ಉದ್ಯೋಗ್ ಹುಟ್ಟಿತು. ಮರುವರ್ಷ ಜಪಾನಿನ ಸುಜುಕಿ ಶೇ 26ರ ಪಾಲಿನೊಂದಿಗೆ ಕೈಜೋಡಿಸಿತು. 1983ರ ಡಿಸೆಂಬರ್ 14ರಂದು ಸಂಜಯ್ ಅವರ ತಾಯಿ, ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು.

ಪ್ರಧಾನಿಯ ಮಗನ ಕಂಪನಿ ಎಂಬ ಕಾರಣಕ್ಕೇ ಆ ಕಾರ್ಖಾನೆಗೆ ಜೀವದಾನ ಸಿಕ್ಕಿತು. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಬದುಕಿದ್ದು ಬೇರೆ ಕಾರಣಕ್ಕೆ. ವಿ. ಕೃಷ್ಣಮೂರ್ತಿ, ಆರ್.ಸಿ. ಭಾರ್ಗವ ಅವರಂಥ ನುರಿತ ಆಡಳಿತಗಾರರ ಕೈಗೆ ಕಂಪನಿ ಬಂತು. ಹಳೆಯ ಜಾಗ, ಹೆಸರು ಉಳಿದವು. ಎಂಜಿನ್, ವಿನ್ಯಾಸ, ಕೆಲಸದ ರೀತಿ ಎಲ್ಲವೂ ಬದಲಾದವು. ಹತ್ತು ಸಾವಿರ ಮುಂಗಡ ಕಟ್ಟಿ, ರಸೀದಿಯನ್ನು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಕಾದವರು ನಮ್ಮ ಕಂಟೋನ್ಮೆಂಟ್‌ನಲ್ಲೂ ಇದ್ದರು. ಆ ಅಲೆಯ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ. ಅದಕ್ಕಾಗಿ ಸಂಸತ್ತಿನಲ್ಲಿ ಯಾರೂ ಕಾನೂನು ತರಲಿಲ್ಲ. ತರಬೇಕಿತ್ತು ಎಂದು ನಾನು ವಾದಿಸುವುದಿಲ್ಲ. ಯಾವುದನ್ನು ಉಳಿಸಬೇಕು, ಯಾಕೆ ಉಳಿಸಬೇಕು ಎಂಬ ಲೆಕ್ಕ ಜನರ ಮುಂದೆ ನಡೆಯಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಮುಂದೆ ಕಬ್ಬಿಣದ ಅದಿರಿನ ಹಣ ಹರಿದ ವರ್ಷಗಳಲ್ಲಿ ಊರಿನ ತುಂಬ ಶೆವರ್ಲೆ ಟವೇರಾ ಬಾಡಿಗೆ ಗಾಡಿಗಳು ಬಂದವು. ಅದರ ಮಾತೃಸಂಸ್ಥೆ ಜನರಲ್ ಮೋಟರ್ಸ್ 2009ರಲ್ಲಿ ದಿವಾಳಿಯೆದ್ದಾಗ ಅಮೆರಿಕ ಸರ್ಕಾರ ಸುಮಾರು 5,000 ಕೋಟಿ ಡಾಲರ್ ಸುರಿಯಿತು. 2013ರಲ್ಲಿ ಆ ಸರ್ಕಾರ ತನ್ನ ಬಳಿಯ ಕೊನೆಯ ಷೇರು ಮಾರಿದಾಗ 1,000 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಆ ನಷ್ಟವನ್ನು ಅಲ್ಲಿನ ಜನರ ಮುಂದೆ ಅಂಕಿಯಲ್ಲೇ ಇಟ್ಟರು. ಹಾಗೆ ಉಳಿದ ಕಂಪನಿ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಇತ್ತ ನಮ್ಮ ಸರ್ಕಾರ 2002ರಲ್ಲಿ ಮಾರುತಿಯ ಹಿಡಿತವನ್ನು ಸುಜುಕಿಗೆ ಬಿಟ್ಟುಕೊಟ್ಟು, 2007ರಲ್ಲಿ ಉಳಿದ ಪಾಲನ್ನೂ ಮಾರಿ ಹೊರಬಂತು. ಅದು ಒಳ್ಳೆಯ ಕೆಲಸ.

ಈಗ ಕಂಟೋನ್ಮೆಂಟ್ ರಸ್ತೆಗಳಲ್ಲಿ ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಗಾಡಿಗಳು ಓಡಾಡುತ್ತಿವೆ. ವಾಹನ ಉದ್ಯಮಕ್ಕೆ ಉತ್ಪಾದನೆ ಆಧಾರಿತ ಪ್ರೋತ್ಸಾಹಧನವೆಂದು ಕೇಂದ್ರ 2021ರಲ್ಲಿ ಮಂಜೂರು ಮಾಡಿದ್ದು 25,938 ಕೋಟಿ ರೂಪಾಯಿ. ಇದು ಮುಳುಗುವವರನ್ನು ಎತ್ತುವ ಹಣವಲ್ಲ, ಬೆಳೆಯುವವರಿಗೆ ಕೊಡುವ ಹಣ. ಆದರೂ ತೆರಿಗೆ ನಮ್ಮದೇ. ಯಾವ ಕಂಪನಿಗೆ ಎಷ್ಟು ಹೋಯಿತು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದು ನಮ್ಮ ಸಂಸದರನ್ನು ಈಗಲೇ ಕೇಳಿ.