ಪುಟ್ಟ ರೈಲುಗಳ ಪ್ರದರ್ಶನ: ಯಾವುದಕ್ಕೆ ಹೋಗಬೇಕು?

ಹಳೆಯ ವಿದ್ಯಾರ್ಥಿಗಳು ಸೊಲ್ಲಾಪುರ ರಸ್ತೆಯ ನಮ್ಮ ಮನೆಗೆ ಬಂದಾಗ ಚಹದ ನಂತರ ಹಿಂದಿನ ಕೋಣೆಯ ಬಾಗಿಲು ತೆರೆದು ತೋರಿಸುವುದು ನನಗೆ ರೂಢಿಯಾಗಿದೆ. ಅಲ್ಲಿ ಒಂದು ಹಲಗೆಯ ಮೇಲೆ ಮೀಟರ್ ಗೇಜಿನ ಕಾಲದ ನಮ್ಮ ಊರಿನ ನಿಲ್ದಾಣ ನಿಧಾನವಾಗಿ ಮೇಲೇಳುತ್ತಿದೆ. ರಟ್ಟಿನ ಗೋಡೆ, ಕಡ್ಡಿಪೆಟ್ಟಿಗೆಯ ಕಟ್ಟಿಗೆಯಿಂದ ಮಾಡಿದ ಬಾಗಿಲು, ಜೋಳದ ರವೆಗೆ ಬಣ್ಣ ಬಳಿದು ಹರಡಿದ ಜಲ್ಲಿಕಲ್ಲು. ನೋಡಿದವರು ಮೊದಲು ನಗುತ್ತಾರೆ, ಅನಂತರ ಬಾಗಿ ನೋಡುತ್ತಾರೆ, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ಇಂಥಾವು ಎಲ್ಲಿ ನೋಡಾಕ ಸಿಗತಾವ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲರಿಗೂ ಒಮ್ಮೆಗೇ ಉತ್ತರ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲಿಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಶತಮಾನ ಮೀರಿದ ಸಂಪ್ರದಾಯವಿದೆ. ಲಂಡನ್ನಿನ 'ಮಾಡೆಲ್ ರೈಲ್ವೇ ಕ್ಲಬ್' ಸ್ಥಾಪನೆಯಾದದ್ದು 1910ರಲ್ಲಿ. ಅಮೆರಿಕದಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿದ್ದು 1935ರಲ್ಲಿ. ಅಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ದೊಡ್ಡ ಪ್ರದರ್ಶನಕ್ಕೆ ಹೋಗಿ ಬರಬಹುದು. ಜರ್ಮನಿಗೆ ಹೋದವರು ಹ್ಯಾಂಬರ್ಗಿನಲ್ಲಿ 2001ರಿಂದ ಇರುವ 'ಮಿನಿಯಾಟೂರ್ ವುಂಡರ್‌ಲಾಂಡ್' ನೋಡದೆ ಬರಬಾರದು. ನಮ್ಮ ಕಡೆ ಹಾಗಿಲ್ಲ. ಇಲ್ಲಿ ವಾರವಾರಕ್ಕೆ ಪ್ರದರ್ಶನಗಳು ನಡೆಯುವುದಿಲ್ಲ, ಹುಡುಕಿಕೊಂಡು ಹೋಗಬೇಕು. ಹುಡುಕಿ ಹೋಗುವಾಗ ಬಸ್ಸಿನ ಖರ್ಚು, ಮೊಣಕಾಲಿನ ನೋವು, ಮನೆಯವರ ಮೌನ, ಇವಿಷ್ಟನ್ನೂ ತೂಗಿ ನೋಡಬೇಕಾಗುತ್ತದೆ. ಆದ್ದರಿಂದ ಆಯ್ಕೆ ಮುಖ್ಯ.

ನನ್ನ ಮಟ್ಟಿಗೆ ಈ ಆಯ್ಕೆ ಇನ್ನಷ್ಟು ಮುಖ್ಯವಾಗಲು ಬೇರೊಂದು ಕಾರಣವೂ ಇದೆ. ಮೂರು ವರ್ಷಗಳ ಹಿಂದೆ ನೇತ್ರವೈದ್ಯರು ನನಗೆ ಗ್ಲಾಕೋಮಾ ಇದೆ ಎಂದರು. ಈ ರೋಗ ಸಾಮಾನ್ಯವಾಗಿ ನೋಟದ ಅಂಚುಗಳನ್ನು ಮೊದಲು ತಿನ್ನುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಹನಿಔಷಧಿಯಿಂದ ಅದರ ವೇಗವನ್ನು ತಗ್ಗಿಸಬಹುದು, ಅಷ್ಟೆ. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ. ಆದರೆ ಪುಟ್ಟ ರೈಲಿನ ಸೊಗಸೆಲ್ಲ ಅಂಚಿನಲ್ಲಿಯೇ ಇರುವುದು. ಗುಡ್ಡದ ಹಿಂದಿನಿಂದ ಬಂಡಿ ಇಣುಕುವ ಕ್ಷಣ, ನಾವು ಇತ್ತ ನೋಡುತ್ತಿರುವಾಗ ಅತ್ತ ಸೇತುವೆಯ ಮೇಲೆ ಇನ್ನೊಂದು ಹೊರಡುವ ಕ್ಷಣ, ಇವು ಓರೆನೋಟಕ್ಕೆ ದಕ್ಕುವ ಸುಖಗಳು. ಹಾಗಾಗಿ ಇನ್ನೆಷ್ಟು ಪ್ರಯಾಣಗಳೆಂದು ಲೆಕ್ಕ ಹಾಕಿಯೇ ಹೊರಡುತ್ತೇನೆ. ಮರುಕ ಬೇಡ, ಲೆಕ್ಕ ಹಾಕುವುದು ನನಗೆ ಹೊಸದೇನಲ್ಲ.

ಲೆಕ್ಕವೆಂದಾಗ ನೆನಪಾಯಿತು. ಆಟಿಕೆಗೂ ಮಾದರಿಗೂ ಇರುವ ಭೇದವೇ ಲೆಕ್ಕ. ಸಿದ್ಧೇಶ್ವರ ಜಾತ್ರೆಯಲ್ಲಿ ನಾವು ಚಿಕ್ಕವರಿದ್ದಾಗ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು ಸಿಗುತ್ತಿತ್ತು. ಅದು ಆಟಿಕೆ. ಮಾದರಿ ಎಂದರೆ ಪ್ರತಿಯೊಂದು ಅಳತೆಯೂ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕು. ಹೆಚ್ಚು ಬಳಕೆಯಲ್ಲಿರುವುದು 'ಎಚ್‌ಓ' ಎಂಬ ಪ್ರಮಾಣ, ಅಂದರೆ 87ರಲ್ಲಿ ಒಂದು ಪಾಲು. ಯುರೋಪಿನ ಹಳಿಗಳ ಅಂತರ 1435 ಮಿಲಿಮೀಟರ್. 87ರಿಂದ ಭಾಗಿಸಿದರೆ 16.5. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಅದು 19ಕ್ಕಿಂತ ತುಸು ಹೆಚ್ಚಾಗಬೇಕು. ಆದರೆ ಸಿದ್ಧವಾಗಿ ಸಿಗುವ ಹಳಿಗಳು 16.5ರವು, ಆದ್ದರಿಂದ ಭಾರತೀಯ ಎಂಜಿನ್ನಿನ ಮಾದರಿಗಳು ಬಹುಮಟ್ಟಿಗೆ ಇಕ್ಕಟ್ಟಾದ ಹಳಿಯ ಮೇಲೆಯೇ ನಿಂತಿರುತ್ತವೆ. ನನ್ನ ಮೀಟರ್ ಗೇಜಿಗೆ 11.5 ಬರುತ್ತದೆ, 12 ಮಿಲಿಮೀಟರಿನ ಹಳಿ ಬಹುತೇಕ ಸರಿಹೊಂದುತ್ತದೆ. ಇದೇ ಪ್ರಮಾಣದಲ್ಲಿ ನಮ್ಮ ಗೋಲಗುಮ್ಮಟ ಎರಡು ಅಡಿಗಿಂತ ಸ್ವಲ್ಪ ಗಿಡ್ಡವಾಗುತ್ತದೆ. ಸೊಲ್ಲಾಪುರದವರೆಗಿನ ಸುಮಾರು ನೂರು ಕಿಲೋಮೀಟರ್ ದಾರಿ 1150 ಮೀಟರಾಗುತ್ತದೆ. ಮುಂಜಾನೆಯ ನನ್ನ ವಾಯುವಿಹಾರ ಅದಕ್ಕಿಂತ ಉದ್ದ. ನನ್ನ ಲೆಕ್ಕದಲ್ಲಿ ದಿನವೂ ಸೊಲ್ಲಾಪುರಕ್ಕೆ ಹೋಗಿ ಬರುತ್ತೇನೆಂದು ಮೊಮ್ಮಕ್ಕಳಿಗೆ ಹೇಳುವುದುಂಟು.

ಇನ್ನು ಪ್ರದರ್ಶನವನ್ನು ಪರೀಕ್ಷಿಸುವ ಬಗೆ. ನಾನು ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ.

ಮೊದಲನೆಯದು, ಬಂಡಿ ಓಡುತ್ತದೆಯೇ? ಗಾಜಿನ ಪೆಟ್ಟಿಗೆಯಲ್ಲಿ ನಿಂತ ಮಾದರಿಗಳೂ ಒಳ್ಳೆಯವೇ, ಆದರೆ ಅವುಗಳಿಗಾಗಿ ನೂರಾರು ಮೈಲಿ ಹೋಗಬೇಕಿಲ್ಲ. ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿ, ಓಡಿಸುವ ಸಮಯ ಯಾವುದೆಂದು ಕೇಳಿಯೇ ಟಿಕೆಟ್ ತೆಗೆಸಬೇಕು.

ಎರಡನೆಯದು, ಎಷ್ಟು ವೇಗದಲ್ಲಿ ಓಡುತ್ತದೆ? ಕೈಗಡಿಯಾರ ಹಿಡಿದು ನಿಲ್ಲಿ. ಎಚ್‌ಓ ಪ್ರಮಾಣದ ಬಂಡಿ ಒಂದು ಸೆಕೆಂಡಿಗೆ ಒಂದು ಮೀಟರ್ ಓಡಿದರೆ ಅದು ನಿಜದಲ್ಲಿ ಗಂಟೆಗೆ 313 ಕಿಲೋಮೀಟರ್ ಓಡಿದಂತೆ. ಒಂದು ಮೀಟರಿಗೆ ಆರು ಸೆಕೆಂಡು ತೆಗೆದುಕೊಂಡರೆ ಗಂಟೆಗೆ ಸುಮಾರು 52 ಕಿಲೋಮೀಟರ್, ಅದು ನಮ್ಮ ಪ್ಯಾಸೆಂಜರ್ ಗಾಡಿಯ ನಡಿಗೆ. ನಿಧಾನವಾಗಿ ಓಡಿಸಲು ಒಳ್ಳೆಯ ಮೋಟಾರು, ಸ್ವಚ್ಛವಾದ ಹಳಿ, ಓಡಿಸುವವನಿಗೆ ತಾಳ್ಮೆ ಮೂರೂ ಬೇಕು. ಹಿಂದೊಮ್ಮೆ ಒಂದು ಮಾರಾಟ ಮಳಿಗೆಯಲ್ಲಿ 'ರೈಲು ಲೋಕ' ಎಂಬ ಫಲಕ ನೋಡಿ ಒಳಗೆ ಹೋದೆ. ಪ್ಲಾಸ್ಟಿಕ್ಕಿನ ವೃತ್ತದಲ್ಲಿ ಬಂಡಿ ಗಿರಗಿಟ್ಲೆಯಂತೆ ಸುತ್ತುತ್ತಿತ್ತು. ಐದು ನಿಮಿಷದಲ್ಲಿ ಹೊರಬಂದೆ.

ಮೂರನೆಯದು, ಮಾಡಿದವರು ಹತ್ತಿರದಲ್ಲಿದ್ದಾರೆಯೇ? ಹವ್ಯಾಸಿಗೆ ಅರ್ಧ ಲಾಭ ಮಾತಿನಲ್ಲಿರುತ್ತದೆ. ಬೆಸುಗೆ ಹೇಗೆ ಹಾಕಿದಿರಿ, ತಿರುವಿನಲ್ಲಿ ಬಂಡಿ ಏಕೆ ಹಳಿ ತಪ್ಪುವುದಿಲ್ಲ ಎಂದು ಕೇಳಿದರೆ ಮುಖ ಅರಳಿಸಿ ಹೇಳುವವರಿರಬೇಕು. ಇದಕ್ಕಾಗಿ ರಜಾದಿನಗಳನ್ನು ಬಿಟ್ಟು ವಾರದ ನಡುವೆ, ಬೆಳಗಿನ ಹೊತ್ತು ಹೋಗುವುದು ಲೇಸು.

ನಾಲ್ಕನೆಯದು, ಅದರಲ್ಲಿ ನಮ್ಮದೇನಾದರೂ ಇದೆಯೇ? ಆಲ್ಪ್ಸ್ ಪರ್ವತದ ಹಿಮ ಚೆಂದವೇ. ಆದರೂ ಬೇವಿನ ಮರದ ನೆರಳು, ಕೆಂಪು ಗಡಿಗೆಯ ನೀರು, ಎರೆಭೂಮಿಯ ಕಪ್ಪು, ಇವನ್ನು ಹುಡುಕಿ ಕಣ್ಣು ಅಲೆದಾಡುತ್ತದೆ.

ಈ ನಾಲ್ಕು ಪ್ರಶ್ನೆಗಳನ್ನಿಟ್ಟು ನೋಡಿದರೆ ನಮ್ಮ ಭಾಗದವರು ಮೊದಲು ಹೋಗಬೇಕಾದದ್ದು ಪುಣೆಗೆ. ಕೋಥರೂಡಿನಲ್ಲಿರುವ ಜೋಶಿಯವರ ಕಿರುರೈಲು ವಸ್ತುಸಂಗ್ರಹಾಲಯ 1998ರ ಏಪ್ರಿಲ್ 1ರಂದು ತೆರೆಯಿತು. ಭಾವೂಸಾಹೇಬ ಜೋಶಿಯವರು ಮೊದಲು ಬಿಚ್ಚಿ ಕೂಡಿಸಬಹುದಾದ ಮಾದರಿಗಳನ್ನು ಮಾಡಿ ತೋರಿಸುತ್ತಿದ್ದರು. ಪ್ರತಿಸಲ ಸಾಗಿಸಿ ಜೋಡಿಸುವ ಕಷ್ಟ ಕಂಡು ಶಾಶ್ವತವಾದ ಒಂದು ಪುಟ್ಟ ನಗರವನ್ನೇ ಕಟ್ಟಿದರು. ದೀಪಗಳು ಮೆಲ್ಲನೆ ಆರಿ ಆ ನಗರಕ್ಕೆ ರಾತ್ರಿಯಾಗುತ್ತದೆ. ಮನೆಗಳಲ್ಲಿ, ಸರ್ಕಸ್ಸಿನ ಡೇರೆಯಲ್ಲಿ, ಬಂಡಿಗಳ ಕಿಟಕಿಗಳಲ್ಲಿ ಬೆಳಕು ಮೂಡುತ್ತದೆ. ಬಂಡಿಗಳಲ್ಲಿ ಹೆಚ್ಚಿನವು ಪರದೇಶದವು, ನಿಜ. ಆದರೆ ಸಂಗ್ರಹಾಲಯವಿರುವ ರಸ್ತೆಯ ಹೆಸರು ನೋಡಿ ನಾನು ನಿಂತುಬಿಟ್ಟೆ: ಜಿ.ಎ. ಕುಲಕರ್ಣಿ ಪಥ. ಮರಾಠಿಯ ಆ ಮಹಾನ್ ಕಥೆಗಾರ ಬಹುಕಾಲ ಬಾಳಿದ್ದು, ಇಂಗ್ಲಿಷ್ ಕಲಿಸಿದ್ದು ನಮ್ಮ ಧಾರವಾಡದಲ್ಲಿ. ಪರಸ್ಥಳದಲ್ಲಿ ಪರಿಚಿತರೊಬ್ಬರು ಸಿಕ್ಕಂತಾಯಿತು.

ಪುಣೆಗೆ ಹೋಗುವ ದಾರಿಯೇ ಒಂದು ಪಾಠ. ಸೊಲ್ಲಾಪುರದಲ್ಲಿ ರಾತ್ರಿ ತಂಗಿ ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದರೆ ನಡುವೆ ಕುರ್ಡುವಾಡಿ ಬರುತ್ತದೆ. ಇಲ್ಲಿಂದ ಬಾರ್ಶಿಗೆ 1897ರಲ್ಲಿ ಎವರಾರ್ಡ್ ಕಾಲ್ತ್ರಪ್ ಎಂಬ ಇಂಜಿನಿಯರ್ ಎರಡೂವರೆ ಅಡಿಯ ನ್ಯಾರೋ ಗೇಜ್ ರೈಲನ್ನು ಓಡಿಸಿದ. ಹಗುರ ರೈಲುಗಳ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಆ ಹಳಿ ಈಗಿಲ್ಲ. ಬ್ರಾಡ್ ಗೇಜ್ ಆಗಿದೆ. 762 ಮಿಲಿಮೀಟರನ್ನು 87ರಿಂದ ಭಾಗಿಸಿ ನೋಡಿ, 9ರ ಹತ್ತಿರ ಬರುತ್ತದೆ. ಅತಿ ಸಣ್ಣ ಮಾದರಿಗಳಿಗಾಗಿ ಸಿಗುವ 9 ಮಿಲಿಮೀಟರ್ ಹಳಿಯನ್ನೇ ಬಳಸಿ ಬಾರ್ಶಿಯ ಮಾದರಿ ಮಾಡಬಹುದು. ಯಾರಾದರೂ ಯುವಕರು ಕೈಹಾಕಬೇಕು.

ಎರಡನೆಯದು ಹುಬ್ಬಳ್ಳಿ. 2020ರಲ್ಲಿ ತೆರೆದ ಅಲ್ಲಿನ ರೈಲು ವಸ್ತುಸಂಗ್ರಹಾಲಯ ಉತ್ತರ ಕರ್ನಾಟಕದಲ್ಲಿ ಮೊದಲನೆಯದು. ಘಟಪ್ರಭಾ, ಮಲಪ್ರಭಾ ಎಂದು ಹೆಸರಿಟ್ಟ ಎರಡು ಹಳೆಯ ಕಟ್ಟಡಗಳಲ್ಲಿ ರೈಲ್ವೆಯ ಹಳೆಯ ಸಲಕರಣೆಗಳಿವೆ. ಓಡುವ ಮಾದರಿಯೂ ಇದೆ, ಮಕ್ಕಳು ಕುಳಿತು ಹೋಗುವ ರೈಲೂ ಇದೆ. ಮೂರನೆಯದು 1979ರಿಂದ ಇರುವ ಮೈಸೂರಿನ ಸಂಗ್ರಹಾಲಯ. ಅಲ್ಲಿರುವುದು ಮಾದರಿಗಳಿಗಿಂತ ಹೆಚ್ಚಾಗಿ ಮೂಲ ವಸ್ತುಗಳು. ಮಹಾರಾಣಿಯವರ 1899ರ ಸಲೂನ್ ಬಂಡಿಯನ್ನು ಕಣ್ಣಾರೆ ನೋಡಿದವನು ಮಾತ್ರ ಅದರ ಮಾದರಿ ಮಾಡಬಲ್ಲ. ನಾನು ಹೋದಾಗ ಅಳತೆಪಟ್ಟಿ, ನೋಟುಬುಕ್ಕು ಒಯ್ದಿದ್ದೆ. ಹವ್ಯಾಸಿಗೆ ಪ್ರದರ್ಶನವೆಂದರೆ ನೋಡಿ ಬರುವುದಲ್ಲ, ಅಳೆದು ಬರುವುದು.

ನಮ್ಮ ಊರಿನ ಹಳಿಯನ್ನು ಅಳೆಯಲು ಮಾತ್ರ ಎಲ್ಲಿಗೂ ಹೋಗುವಂತಿಲ್ಲ. ಭೀಕರ ಬರಗಾಲದ ನಂತರ ಸದರ್ನ್ ಮರಾಠಾ ರೈಲ್ವೆಯವರು ಹಾಕಿದ ಗದಗ–ಹೋಟಗಿ ಮಾರ್ಗ 1884ರಲ್ಲಿ ತೆರೆಯಿತು. ಬರದ ನಾಡಿಗೆ ಕಾಳು ತಲುಪಲೆಂದೇ ಇಂಥ ಮಾರ್ಗಗಳನ್ನು ಯೋಚಿಸಿದ್ದು. ಮಿಂಚನಾಳ, ನಿಂಬಾಳ, ಇಂಡಿ ರೋಡ್, ಲಚ್ಯಾಣ ಎಂದು ನಿಂತು ನಿಂತು ಹೋಗುತ್ತಿದ್ದ ಆ ಮೀಟರ್ ಗೇಜ್ ಬಂಡಿಯಲ್ಲಿಯೇ ನಮ್ಮ ಮದುವೆ ದಿಬ್ಬಣಗಳೂ ಅಸ್ಥಿಕಲಶಗಳೂ ಪ್ರಯಾಣ ಮಾಡಿದವು. ಈಗ ಅದು ಬ್ರಾಡ್ ಗೇಜ್. ಊರಿಗೆ ಅನುಕೂಲವಾಗಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಹಳೆಯದರ ಅಳತೆ ಉಳಿದಿರುವುದು ನನ್ನಂಥವರ ನೆನಪಿನಲ್ಲಿ ಮಾತ್ರ. ಪ್ಲಾಟ್‌ಫಾರ್ಮು ಎಷ್ಟು ಎತ್ತರವಿತ್ತು? ನನ್ನ ಹತ್ತನೆಯ ವಯಸ್ಸಿನ ಮೊಣಕಾಲಿನಷ್ಟು. ಹಲಗೆಯ ಮೇಲೆ ಅದನ್ನೂ 87ರಿಂದ ಭಾಗಿಸಿಯೇ ಕಟ್ಟಿದ್ದೇನೆ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ: ಎಲ್ಲಕ್ಕಿಂತ ಒಳ್ಳೆಯ ಪ್ರದರ್ಶನ ಯಾವುದು? ಉತ್ತರ ಹೇಳಿದರೆ ನಂಬಲಿಕ್ಕಿಲ್ಲ. 1994ರಲ್ಲಿ ತಿಕೋಟಾ ಕಡೆಯ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾನು ನಿರ್ಣಾಯಕರಲ್ಲೊಬ್ಬನಾಗಿ ಹೋಗಿದ್ದೆ. ಈಗ ತಾಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳಿಗೆ ಅಂದೂ ರೈಲಿರಲಿಲ್ಲ, ಇಂದೂ ಇಲ್ಲ. ಅಲ್ಲಿ ಎಂಟನೆಯ ಇಯತ್ತೆಯ ಹುಡುಗನೊಬ್ಬ ಕಡ್ಡಿಪೆಟ್ಟಿಗೆಯ ಡಬ್ಬಿ, ಅಂಗಿಯ ಗುಂಡಿಯ ಗಾಲಿ, ತಗಡಿನ ಪಟ್ಟಿಯ ಹಳಿಗಳಿಂದ ರೈಲು ಮಾಡಿದ್ದ. ಬೆರಳಿನಿಂದ ದೂಡಿದರೆ ಹೋಗುತ್ತಿತ್ತು. ನನ್ನ ಮೊದಲ ಪ್ರಶ್ನೆಗೇ ಅದು ಸೋಲುತ್ತದೆ. ಆದರೆ ಅವನ ಸಿಗ್ನಲ್ ನೋಡಿ ಬೆರಗಾದೆ. ಕೈ ಅಡ್ಡವಿದ್ದರೆ ನಿಲ್ಲು, ಬಾಗಿದರೆ ಹೋಗು. ಒಂದು ದಾರದಿಂದ ಹಳಿಯ ಕವಲಿಗೂ ಸಿಗ್ನಲ್ಲಿಗೂ ಎಂಥ ಗಂಟು ಹಾಕಿದ್ದನೆಂದರೆ, ಕವಲು ಸರಿಯಾಗಿ ಕೂಡುವ ತನಕ ಕೈ ಬಾಗುತ್ತಲೇ ಇರಲಿಲ್ಲ. ದಾರ ಕಡಿದರೆ ಹಿಂದೆ ಕಟ್ಟಿದ ಸಣ್ಣ ಕಲ್ಲು ಕೈಯನ್ನು ಎಳೆದು ಮತ್ತೆ ಅಡ್ಡ ನಿಲ್ಲಿಸುತ್ತಿತ್ತು. ನಿಜವಾದ ರೈಲ್ವೆಯ ತತ್ತ್ವವೂ ಇದೇ: ಏನಾದರೂ ಕೆಟ್ಟರೆ ಬಂಡಿ ನಿಲ್ಲಬೇಕು, ಹೋಗಬಾರದು.

"ಇದನ್ನ ಎಲ್ಲಿ ನೋಡಿದೆಪಾ?" ಎಂದೆ. ಸೋದರಮಾವನ ಜೊತೆ ಒಮ್ಮೆ ಊರಿನ ನಿಲ್ದಾಣಕ್ಕೆ ಬಂದಾಗ ಅರ್ಧ ಗಂಟೆ ನೋಡಿದ್ದನಂತೆ, ಅಷ್ಟೆ. ಹಲಗೆಯ ಮೇಲಿನ ಮೂರು ನಿಲ್ದಾಣಗಳಿಗೆ ಅವನು ಬರೆದ ಹೆಸರುಗಳು: ತಿಕೋಟಾ, ತೊರವಿ, ವಿಜಾಪುರ. ಇಲ್ಲದ ಮಾರ್ಗವೊಂದನ್ನು ಹಾಕಿ, ಅದರಲ್ಲಿ ಅಪಘಾತವಾಗದಂತೆಯೂ ಎಚ್ಚರ ವಹಿಸಿದ್ದ. ನಾನು ಪೂರ್ಣ ಅಂಕ ಕೊಟ್ಟೆ. ಎಲ್ಲರ ಅಂಕ ಕೂಡಿದಾಗ ಬಹುಮಾನ ಜ್ವಾಲಾಮುಖಿಗೆ ಹೋಯಿತು.

ಆದ್ದರಿಂದ ನನ್ನ ಪಟ್ಟಿಯಲ್ಲಿ ಪುಣೆ, ಹುಬ್ಬಳ್ಳಿ, ಮೈಸೂರುಗಳ ಜೊತೆಗೆ ಫೆಬ್ರುವರಿ 28ರ ವಿಜ್ಞಾನ ದಿನದ ಶಾಲಾ ಪ್ರದರ್ಶನಗಳನ್ನೂ ಸೇರಿಸಿಕೊಳ್ಳಿ. ಪ್ರವೇಶಧನವಿಲ್ಲ, ಮಾಡಿದವನು ಪಕ್ಕದಲ್ಲಿಯೇ ನಿಂತಿರುತ್ತಾನೆ, ಎಲ್ಲವೂ ನಮ್ಮದೇ ನೆಲದ್ದು. ಈ ವರ್ಷ ನನ್ನ ಲೆಕ್ಕದಲ್ಲಿ ಎರಡು ಪ್ರಯಾಣಗಳಿವೆ. ಒಂದು ಪುಣೆಗೆ, ಮೊಮ್ಮಗಳೊಂದಿಗೆ. ಅಂಚಿನಲ್ಲಿ ಬರುವ ಬಂಡಿಗಳನ್ನು ಕೂಗಿ ಹೇಳುವ ಕೆಲಸ ಅವಳದು. ಇನ್ನೊಂದು ತಿಕೋಟಾ ಕಡೆಗೆ.

ಆ ಹುಡುಗನ ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ. ಈಗ ಅವನಿಗೆ ನಲವತ್ತು ದಾಟಿರಬೇಕು. ಇದನ್ನು ಓದಿದರೆ, ಅಥವಾ ನಿಮ್ಮಲ್ಲಿ ಯಾರಾದರೂ ಅವನನ್ನು ಗುರುತಿಸಿದರೆ, ಮನೆಗೆ ಬರಲು ಹೇಳಿ. ನನ್ನ ನಿಲ್ದಾಣಕ್ಕೆ ಇನ್ನೂ ಸಿಗ್ನಲ್ ಹಾಕಿಲ್ಲ.