ಮಣ್ಣಿನ ಮನೆಯಲ್ಲಿ ಒಂದು ವಾರ

ಇಂಗ್ಲೆಂಡಿಗೆ ಹೋಗಿದ್ದೆವು ಎಂದೊಡನೆ ನೀವೆಲ್ಲ ಕೇಳುವುದು ಲಂಡನ್ನಿನ ಸುದ್ದಿಯನ್ನೇ. ನಾನು ಹೇಳಹೊರಟಿರುವುದು ಕಾರ್ನ್‌ವಾಲ್ ಸೀಮೆಯ ಕೂಂಬ್ ಎಂಬ ಪುಟ್ಟ ಹಳ್ಳಿಯ ಮಾತು. ಅಲ್ಲಿ ನಮ್ಮ ಮಗ ಒಂದು ವಾರಕ್ಕೆ ಬಾಡಿಗೆ ಹಿಡಿದದ್ದು ಹುಲ್ಲು ಹೊದಿಸಿದ ಹಳೆಯ ಮನೆ. ಟಿ.ವಿ. ಕೂಡ ಇಲ್ಲ! “ಹೋಟೆಲ್ ಸಿಗಲಿಲ್ಲೇನೋ?” ಎಂದು ಗೊಣಗಿದೆ.

ಒಳಗೆ ಹೋಗಿ ಗೋಡೆ ಮುಟ್ಟಿದರೆ, ಮಣ್ಣು! ಜೇಡಿಮಣ್ಣಿಗೆ ಹುಲ್ಲು, ನೀರು ಕೂಡಿಸಿ ತುಳಿದು, ಕಲ್ಲಿನ ಬುನಾದಿಯ ಮೇಲೆ ಪದರಪದರವಾಗಿ ಏರಿಸಿದ ಗೋಡೆ. ಅಲ್ಲಿಯವರು ಇದನ್ನು ‘ಕಾಬ್’ ಎನ್ನುತ್ತಾರೆ. ಗದಗಿನ ಹತ್ತಿರ ನನ್ನ ತವರಿನ ಮೇಲ್ಮುದ್ದೆ ಮನೆಯದೂ ಮಣ್ಣಿನ ಗೋಡೆಯೇ. ಕೈಗೆ ಅದೇ ತಂಪು.

ಹಾಕರ್ ಎಂಬ ಕವಿ ಈ ಊರಿನಲ್ಲಿದ್ದನಂತೆ. ಮುಂದೆ ಪಕ್ಕದ ಮಾರ್ವೆನ್‌ಸ್ಟೋದಲ್ಲಿ ಪಾದ್ರಿಯಾಗಿ, ಹಡಗೊಡೆದು ದಡಕ್ಕೆ ಬಂದ ನಾವಿಕರ ಹೆಣಗಳಿಗೆ ಮಣ್ಣು ಕೊಟ್ಟವನು. ಇಂಗ್ಲಿಷ್ ಬಿ.ಎ. ಮಾಡಿದ ನಾನು ಅವನ ಹೆಸರನ್ನೇ ಕೇಳಿರಲಿಲ್ಲ!

ಜಾನ್ ಸ್ಮಿತ್ ದಂಪತಿ 1965ರಲ್ಲಿ ಸ್ಥಾಪಿಸಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಇಂಥ ಮನೆಗಳನ್ನು ದುರಸ್ತಿ ಮಾಡಿಸಿ ಬಾಡಿಗೆಗೆ ಕೊಡುತ್ತದೆ. ಬಂದ ಹಣ ಮತ್ತೆ ಮನೆಗಳ ಆರೈಕೆಗೇ.

ಇದನ್ನು ಓದಿ ಮಗ ಕೇಳಿದ, “ಅಮ್ಮಾ, ಅಜ್ಜನ ಮನೀ ಕೀಲಿ ಯಾರ ಹತ್ರ ಅದ?”

ಏನು ಹೇಳಲಿ? ಅದನ್ನು ಮಾರಲು ಅಣ್ಣಂದಿರು ನಿಶ್ಚಯಿಸಿದ್ದರು. ಸಹಿ ಹಾಕಲು ನಾನೂ ಒಪ್ಪಿದ್ದೆ. ಮುಂಬೈಯಲ್ಲಿ ಹುಟ್ಟಿದ ನಿಮಗೆ ಆ ಮನೆ ಬೇಕಾದೀತೆಂದು ನಾವ್ಯಾರೂ ಕೇಳಿಯೇ ಇರಲಿಲ್ಲ.

ಊರಿಗೆ ಮರಳಿದ ದಿನವೇ ದೊಡ್ಡಣ್ಣನಿಗೆ ಫೋನ್ ಮಾಡಿದೆ: “ಸ್ವಲ್ಪ ತಡಿ. ದೀಪಾವಳಿಗೆ ಇವನೂ ಬರ್ತಾನ. ಮಾಳಿಗಿ ಎಲ್ಲೆಲ್ಲಿ ಸೋರ್ತದ ನೋಡೋಣು.”